ತೊರೆದು ಹೋದವಳು

ಹಲ್ಲುಜ್ಜುವ ಬ್ರಷ್ಷು ಒದ್ದೆಯಾಗಿರಬೇಕು ಎಂಬುದು ರೆನಿಟಾಗೆ ಹೊಳೆದದ್ದು ಬಸ್ಸಿನಲ್ಲಿ, ಇಳಿಯುವುದಕ್ಕೆ ಎರಡು ನಿಲ್ದಾಣ ಮುಂಚೆ. ಒಣ ಬ್ರಷ್ಷು ನೋಡಿದವರಿಗೆ ತಕ್ಷಣ ಗೊತ್ತಾಗಿಬಿಡುತ್ತದೆ, ಈ ಮನೆಯಲ್ಲಿ ಬೆಳಿಗ್ಗೆ ಯಾವ ಮಗುವೂ ಎದ್ದು ಹಲ್ಲುಜ್ಜಿಲ್ಲ ಅಂತ. ತೊಡೆಯ ಮೇಲಿದ್ದ ಚೀಲದಲ್ಲಿ ಏನೇನು ತುಂಬಿದ್ದೇನೆ ಎಂದು ಮತ್ತೊಮ್ಮೆ ಮನಸ್ಸಿನಲ್ಲೇ ನೋಡಿಕೊಂಡಳು. ಮಗಳು ಟಾಲಿಯಾಳ ದಿಂಬಿನ ಕವರು, ಹಿಮ್ಮಡಿ ತುಳಿದು ಚಪ್ಪಟೆಯಾದ ಮನೆಚಪ್ಪಲಿ, ಅರ್ಧ ಓದಿದ ಲೈಬ್ರರಿ ಪುಸ್ತಕ, ಎರಡು ಜೊತೆ ಕೊಳೆ ಸಾಕ್ಸು. ಕೊಳೆ ಸಾಕ್ಸಿನದು ಅವಳದೇ ಬುದ್ಧಿ. ಒಂಬತ್ತು ವರ್ಷದ ಹುಡುಗಿ ಇರುವ ಮನೆಯಲ್ಲಿ ಮಂಚದ ಕೆಳಗೆ ಒಂದಾದರೂ ಕೊಳೆ ಸಾಕ್ಸು ಇಲ್ಲದಿದ್ದರೆ ಯಾರು ನಂಬುತ್ತಾರೆ. ಹೀಗೆಲ್ಲ ಯೋಚಿಸುವಷ್ಟು ಜಾಣೆ ತಾನು ಯಾವಾಗ ಆದೆ ಎಂದು ಅವಳಿಗೇ ನಾಚಿಕೆಯಾಯಿತು. ನಾಲ್ಕೂವರೆಗೆ ಶಾಲಾ ಇಲಾಖೆಯವರು ರೆನಿಟಾಳ ತಾಯಿ ವರ್ಲೀನಳ ಮನೆಗೆ ಬರುತ್ತಾರೆ, ಟಾಲಿಯಾ ಅಲ್ಲಿ ವಾಸವಾಗಿದ್ದಾಳೋ ಇಲ್ಲವೋ ಕಣ್ಣಾರೆ ನೋಡಲು. ಟಾಲಿಯಾ ಅಲ್ಲಿ ವಾಸವಾಗಿಲ್ಲ. ಅವಳು ರೆನಿಟಾಳ ಜೊತೆ, ರೆನಿಟಾಳ ಹಾಸಿಗೆಯಲ್ಲೇ, ಅವಳ ಬೆನ್ನಿಗೆ ಕಾಲೊತ್ತಿಕೊಂಡು ಮಲಗುತ್ತಾಳೆ. ಬಸ್ಸಿನ ಗಾಜಿಗೆ ತಲೆಯಾನಿಸಿ, ಯಾರ ಮನೆಯಲ್ಲಿ ಯಾವ ಮಗು ಎಲ್ಲಿ ಮಲಗುತ್ತದೆ ಎಂಬುದು ಸರ್ಕಾರಕ್ಕೆ ಗೊತ್ತಾಗುವುದಾದರೂ ಹೇಗೆ ಎಂದು ಅವಳು ನೂರನೆಯ ಸಲ ಯೋಚಿಸಿದಳು. ಯಾರೋ ಹೇಳಿದ್ದಾರೆ. ಹೆಸರು ಹೇಳದೆ ದೂರು ಕೊಡಲು ಒಂದು ಫೋನ್ ನಂಬರ್ ಇದೆ. ಆ ನಂಬರು ಈ ಬಸ್ಸಿನಲ್ಲೇ, ಡ್ರೈವರನ ಬೆನ್ನ ಹಿಂದೆ, ನಗುವ ಮಕ್ಕಳ ಚಿತ್ರದ ಕೆಳಗೆ ಅಂಟಿಸಿದೆ.

ಸದರ್ನ್ ಅವೆನ್ಯೂ ಎಂಬ ರಸ್ತೆಯ ಈಚೆ ಬದಿ ವಾಷಿಂಗ್ಟನ್ ನಗರ, ಆಚೆ ಬದಿಯ ಮನೆಗಳು ಮೇರಿಲ್ಯಾಂಡ್ ಎಂಬ ಬೇರೆ ರಾಜ್ಯ. ಒಂದೇ ಗಾಳಿಗೆ ಎರಡೂ ಕಡೆಯ ಕಸ ಹಾರಿ ಎರಡೂ ಕಡೆ ಬೀಳುತ್ತದೆ. ಮೂವತ್ತೊಂದು ವರ್ಷ ಈಚೆ ಬದಿಯಲ್ಲಿದ್ದ ರೆನಿಟಾ, ಮಾಲೀಕರು ಕಟ್ಟಡ ಮಾರಿದ ಮೇಲೆ, ಎರಡು ಬೇಸಿಗೆಯ ಹಿಂದೆ ಆಚೆ ಬದಿಗೆ ಹೋದಳು. ಸಾಮಾನಿಗೆ ಗಾಡಿ ಕೂಡ ಬೇಕಾಗಲಿಲ್ಲ. ಅಂಗಡಿಯ ತಳ್ಳುಗಾಡಿಯಲ್ಲಿ ತುಂಬಿಕೊಂಡು ಅವಳೂ ಮಗಳೂ ನಗುತ್ತಾ ಎಂಟು ಸಲ ರಸ್ತೆ ದಾಟಿದ್ದರು. ಆ ನಗು ನೆನಪಾದರೆ ಈಗ ಮೈ ಉರಿಯುತ್ತದೆ. ಟಾಲಿಯಾಗೆ ಉಗ್ಗು. ಮೊದಲ ಅಕ್ಷರದಲ್ಲೇ ಮಾತು ಸಿಕ್ಕಿಕೊಂಡು, ಕತ್ತಿನ ನರ ಬಿಗಿದು, ಕಣ್ಣು ತಾನಾಗಿ ಮುಚ್ಚಿಹೋಗುತ್ತದೆ. ಈಚೆ ಬದಿಯ ಶಾಲೆಯಲ್ಲಿ ಮಿಸ್ ಪ್ರೂಯಿಟ್ ಎಂಬ ಟೀಚರ್ ವಾರಕ್ಕೆ ಮೂರು ದಿನ ಅವಳನ್ನು ಎದುರಿಗೆ ಕೂರಿಸಿಕೊಂಡು ಮಾತು ಕಲಿಸುತ್ತಿದ್ದರು. ಅರ್ಧ ಪುಟ ಗಟ್ಟಿಯಾಗಿ ಓದುವ ತನಕ ತಂದಿದ್ದರು. ಆಚೆ ಬದಿಯ ಶಾಲೆಯಲ್ಲಿ ಅಂಥವರು ನಾಲ್ಕು ಶಾಲೆಗೆ ಒಬ್ಬರು, ಸರದಿ ಬಂದಾಗ ಹೇಳುತ್ತೇವೆ ಎಂದರು. ಐದು ತಿಂಗಳು ಸರದಿ ಬರಲಿಲ್ಲ, ಐದು ತಿಂಗಳು ಟಾಲಿಯಾ ಅಲ್ಲಿ ಬಾಯಿ ಬಿಡಲಿಲ್ಲ. ಪೋಷಕರ ಸಭೆಯಲ್ಲಿ ತರಗತಿಯ ಟೀಚರ್ ಹೇಳಿದ್ದಳು: "ತುಂಬ ಒಳ್ಳೆ ಮಗು ರೀ ನಿಮ್ಮದು. ಕ್ಲಾಸಲ್ಲಿ ಇದ್ದಾಳೆ ಅಂತಾನೇ ಗೊತ್ತಾಗಲ್ಲ." ಅದನ್ನು ಹೊಗಳಿಕೆ ಎಂದೇ ಹೇಳಿದ್ದಳು. ರೆನಿಟಾ "ಥ್ಯಾಂಕ್ಯೂ" ಅಂದುಬಿಟ್ಟಿದ್ದಳು. ಆ ಥ್ಯಾಂಕ್ಯೂವನ್ನು ಅವಳು ಇನ್ನೂ ಕ್ಷಮಿಸಿಕೊಂಡಿಲ್ಲ.

ಈಚೆ ಬದಿಯ ಶಾಲೆಗೆ ವಾಪಸು ಸೇರಿಸಲು ಇದ್ದದ್ದು ಒಂದೇ ದಾರಿ. ನಗರದ ಶಾಲೆ ನಗರದಲ್ಲಿರುವ ಮಕ್ಕಳಿಗೆ. ಆದರೆ ನಗರದಲ್ಲಿರುವ ಅಜ್ಜಿಯೇ ಮಗುವನ್ನು ಸಾಕುತ್ತಿದ್ದರೆ, ತಾಯಿಗೆ ಸಾಕಲು ಆಗದಿದ್ದರೆ, ಅಜ್ಜಿ ಒಂದು ಅರ್ಜಿ ತುಂಬಬಹುದು. ಅರ್ಜಿಯಲ್ಲಿ ತಾಯಿ ಯಾಕಿಲ್ಲ ಎಂಬುದಕ್ಕೆ ಸಾಲಾಗಿ ಚೌಕಗಳಿದ್ದವು. ಒಂದು ಭಾನುವಾರ ವರ್ಲೀನಳೂ ರೆನಿಟಾಳೂ ಅಡುಗೆಮನೆಯ ಮೇಜಿನ ಎದುರು ಬದುರು ಕೂತು, ಬಟ್ಟೆ ಅಂಗಡಿಯಲ್ಲಿ ಬಟ್ಟೆ ಆರಿಸುವ ಹಾಗೆ, ರೆನಿಟಾಗೆ ಏನಾಗಿದೆ ಎಂದು ಆರಿಸಿದರು. "ಜೈಲು ಅಂತ ಹಾಕೋಣ್ವಾ? ನಮ್ಮ ಕಪ್ಪು ಜನ ಅಂದ್ರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ," ಎಂದಳು ವರ್ಲೀನ್. ಜೈಲಿಗೆ ಜೈಲಿನವರ ಪತ್ರ ಬೇಕಿತ್ತು. ಕಾಯಿಲೆಗೆ ಡಾಕ್ಟರ ಪತ್ರ. "ಹಂಗಾದ್ರೆ ಸತ್ತುಹೋದ್ಲು ಅಂತ," ಎಂದು ವರ್ಲೀನ್ ನಗಿಸಲು ನೋಡಿದಳು. "ಅಮ್ಮಾ, ಸಾಕು." ನಾಲ್ಕನೆಯ ಚೌಕದ ಮುಂದೆ ಮಾತ್ರ ಯಾವ ಪತ್ರದ ಮಾತೂ ಇರಲಿಲ್ಲ: ತಾಯಿ ಮಗುವನ್ನು ತೊರೆದು ಹೋಗಿದ್ದಾಳೆ, ಎಲ್ಲಿದ್ದಾಳೆಂದು ತಿಳಿಯದು. ಅದಕ್ಕೆ ಅಜ್ಜಿಯ ಪ್ರಮಾಣ ಸಾಕು. ತೊರೆದು ಹೋದವಳಿಂದ ಯಾರು ಕಾಗದ ತರುತ್ತಾರೆ. ವರ್ಲೀನಳ ಬೆರಳುಗಳು ಸಂಧಿವಾತದಿಂದ ಶುಂಠಿಯ ಹಾಗೆ ಗಂಟುಗಂಟಾಗಿದ್ದವು, ಪೆನ್ನು ನಿಲ್ಲುತ್ತಿರಲಿಲ್ಲ. ಆ ಚೌಕದಲ್ಲಿ ಗುರುತು ಹಾಕಿದ್ದು ರೆನಿಟಾಳೇ. ತಾನು ಬರೆದದ್ದನ್ನು ನಿಜ ಮಾಡಲೂ ಅವಳು ಪ್ರಯತ್ನಪಟ್ಟಳು. ಅವಳೇ ತಾಯಿಯ ಮನೆಗೆ ಬಂದು ಇರುವ ಹಾಗಿರಲಿಲ್ಲ, ದುಡಿಯುವ ಮಗಳು ಸೇರಿಕೊಂಡರೆ ವರ್ಲೀನಳಿಗೆ ಸರ್ಕಾರ ಕೊಟ್ಟ ರಿಯಾಯಿತಿ ಮನೆ ಹೋಗುತ್ತಿತ್ತು. ಮೊಮ್ಮಗಳು ಮಾತ್ರ ಇರಬಹುದಿತ್ತು. ಹಾಗಾಗಿ ಟಾಲಿಯಾಳನ್ನು ಬಿಟ್ಟು ಬಂದಳು. ನಾಲ್ಕು ರಾತ್ರಿ. ಐದನೆಯ ದಿನ ಹೋಗಿ ಕರೆದುಕೊಂಡು ಬಂದಳು. ಮಗು ಅತ್ತಿರಲಿಲ್ಲ, ಅತ್ತವಳು ಇವಳು. ನಿಯಮ ಮೀರಿದ್ದು ಶಾಲೆಗೋಸ್ಕರ ಅಲ್ಲ, ತನಗೆ ಒಬ್ಬಳೇ ಮಲಗಲು ಆಗದ್ದಕ್ಕೆ ಎಂಬ ಮಾತು ಆಗಾಗ ಒಳಗಿನಿಂದ ಎದ್ದು ಬಂದು ಅವಳನ್ನು ಕುಟುಕುತ್ತಿತ್ತು.

ಮೂರನೆಯ ಮಹಡಿಯಲ್ಲಿ ತಾಯಿಯ ಮನೆಯ ಬಾಗಿಲು ತೆರೆದಿತ್ತು. ಟಾಲಿಯಾ ಆಗಲೇ ಶಾಲೆಯಿಂದ ಬಂದು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ಅವಳ ತಲೆ ನೋಡಿದೊಡನೆ ರೆನಿಟಾಗೆ ಇಡೀ ದಿನದಲ್ಲಿ ಮೊದಲ ಸಲ ನೆಮ್ಮದಿಯಾಯಿತು. ಹಿಂದಿನ ಭಾನುವಾರ ಮೂರೂವರೆ ಗಂಟೆ ಹೊತ್ತು ಮಗುವನ್ನು ಮಂಡಿಗಳ ನಡುವೆ ಕೂರಿಸಿಕೊಂಡು ಹಾಕಿದ ಜಡೆ: ನೆತ್ತಿಯಿಂದ ಕತ್ತಿನವರೆಗೆ ಹನ್ನೆರಡು ಸಾಲು, ನೆತ್ತಿಗೆ ಅಂಟಿಸಿ ಹೆಣೆದದ್ದು, ಬೈತಲೆ ಒಂದೊಂದೂ ನೂಲು ಹಿಡಿದಷ್ಟು ನೇರ. ಆಫೀಸಿನವರು ಬರುವ ಮನೆಯಲ್ಲಿ ಮಗುವಿನ ತಲೆ ಕೆದರಿಕೊಂಡಿರಬಾರದು. ರೆನಿಟಾಳ ಅಜ್ಜಿ ಅವಳಮ್ಮನಿಗೆ, ಅವಳಮ್ಮ ಅವಳಿಗೆ, ಡಾಕ್ಟರ ಹತ್ತಿರ ಹೋಗುವಾಗಲೂ ಕೋರ್ಟಿಗೆ ಹೋಗುವಾಗಲೂ ಮೊದಲು ಮಾಡಿದ್ದು ಇದೇ. ತಲೆ ನೀಟಾಗಿದ್ದರೆ ಈ ಮಗುವಿಗೆ ಹೇಳೋರು ಕೇಳೋರು ಇದ್ದಾರೆ ಅಂತ ಅವರಿಗೆ ತಿಳಿಯುತ್ತೆ. "ಯಾರಾದ್ರೂ ಕೇಳಿದ್ರೆ ಏನು ಹೇಳ್ಬೇಕು ಕಂದ?" ಎಂದು ಚೀಲ ಬಿಚ್ಚುತ್ತಲೇ ಕೇಳಿದಳು. ಟಾಲಿಯಾ ಪೆನ್ಸಿಲ್ ಕೆಳಗಿಟ್ಟಳು. "ನಾ... ನಾ... ನಾನು ಅ... ಅಜ್ಜಿ ಜೊ..." ಕಣ್ಣು ಮುಚ್ಚಿಹೋಯಿತು. ಮಾತು ಪೂರ್ತಿ ಮಾಡಿಕೊಡಬೇಡಿ, ಕಾಯಿರಿ ಎಂದು ಮಿಸ್ ಪ್ರೂಯಿಟ್ ಹೇಳಿದ್ದರು. ರೆನಿಟಾ ಕಾದಳು. ಗಡಿಯಾರ ನಾಲ್ಕು ತೋರಿಸುತ್ತಿತ್ತು. ಬ್ರಷ್ಷು ಒದ್ದೆ ಮಾಡಬೇಕು, ದಿಂಬಿನ ಕವರು ಬದಲಿಸಬೇಕು, ನಾಲ್ಕು ಇಪ್ಪತ್ತಕ್ಕೆಲ್ಲ ತಾನು ಇಲ್ಲಿಂದ ಮಾಯವಾಗಬೇಕು. "ಬೇಡ ಬಿಡು, ತಲೆ ಆಡಿಸು ಸಾಕು," ಎಂದು ಕಾಯದೆ ಹೇಳಿ ಬಚ್ಚಲಿಗೆ ಓಡಿದಳು.

ಅವಳು ದಿಂಬಿಗೆ ಕವರು ಹಾಕಿ, ಸಾಕ್ಸುಗಳನ್ನು ಮಂಚದ ಕೆಳಗೆ ಸಹಜವಾಗಿ ಕಾಣುವ ಹಾಗೆ ಎರಡೆರಡು ಸಲ ಎಸೆದು ನೋಡಿ, ಅಡುಗೆಮನೆಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಐವತ್ತೈದರ ವಯಸ್ಸು, ಮೋಟು ಕತ್ತರಿಸಿದ ನರೆಗೂದಲು, ಚಪ್ಪಟೆ ಅಟ್ಟೆಯ ಶೂ, ಕತ್ತಿನಲ್ಲಿ ಇಲಾಖೆಯ ಗುರುತಿನ ಚೀಟಿ. ನಮ್ಮವಳೇ, ಎಂದು ರೆನಿಟಾಗೆ ಮೊದಲು ಅನಿಸಿದ್ದು. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವಂಥವಳು. ಆಮೇಲೆ ಅದೇ ಕಾರಣಕ್ಕೆ ಹೆದರಿಕೆಯಾಯಿತು. "ಗ್ಯಾಸ್ಕಿನ್ಸ್ ಅಂತ, ಶಾಲಾ ಇಲಾಖೆಯಿಂದ. ಸ್ವಲ್ಪ ಬೇಗ ಬಂದೆ, ಬಸ್ಸು ಬೇಗ ಸಿಕ್ತು," ಎಂದಳು ಆಕೆ. ಕೈಯಲ್ಲಿ ಕಾರಿನ ಕೀಲಿ ಇತ್ತು. "ಬನ್ನಿ ಬನ್ನಿ, ಬೇಗ ಬಂದ್ರೆ ಮನೆ ಕಸ ನೋಡ್ತೀರ ಅಷ್ಟೆ," ಎಂದಳು ವರ್ಲೀನ್. ಗ್ಯಾಸ್ಕಿನ್ಸಳ ಕಣ್ಣು ರೆನಿಟಾಳ ಮೇಲೆ ನಿಂತಿತು. ರೆನಿಟಾ ಬೆಳಗಿನಿಂದ ಬೇರೆ ಮನೆಯೊಂದರಲ್ಲಿ ಹಾಸಿಗೆ ಹಿಡಿದ ಮುದುಕರೊಬ್ಬರ ಮೈ ಒರೆಸಿ, ಊಟ ಮಾಡಿಸಿ, ನೇರ ಇಲ್ಲಿಗೇ ಬಂದಿದ್ದಳು. ಆರೈಕೆಯವರ ಮರೂನ್ ಬಣ್ಣದ ಸಮವಸ್ತ್ರ ಮೈಮೇಲೇ ಇತ್ತು. ವರ್ಲೀನ್ ಆ ಬಟ್ಟೆ ನೋಡಿದಳು, ನೋಡಿ ಹೇಳಿಬಿಟ್ಟಳು: "ಇವಳು ಪಾಲೆಟ್. ನನ್ನ ನೋಡ್ಕೊಳ್ಳೋಕೆ ಬರ್ತಾಳೆ. ಈ ಕೈ ನೋಡಿ, ಒಂದು ಡಬ್ಬಿ ಮುಚ್ಚಳ ತೆಗೆಯೋಕಾಗಲ್ಲ." ರೆನಿಟಾ ಎದೆಯ ಮೇಲಿದ್ದ ಹೆಸರಿನ ಬಿಲ್ಲೆಗೆ ಕೈ ಅಡ್ಡ ಇಟ್ಟು ಸಿಂಕಿನ ಕಡೆ ತಿರುಗಿ, ಕಿತ್ತು ಜೇಬಿಗೆ ಹಾಕಿಕೊಂಡಳು. ನಲ್ಲಿ ತಿರುಗಿಸಿ, ತೊಳೆದಿದ್ದ ಲೋಟಗಳನ್ನು ಮತ್ತೆ ತೊಳೆಯತೊಡಗಿದಳು. ಬೆನ್ನ ಹಿಂದೆ ಟಾಲಿಯಾ ಏನು ಮಾಡುತ್ತಿದ್ದಾಳೋ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಗ್ಯಾಸ್ಕಿನ್ಸ್ ಮಲಗುವ ಕೋಣೆಗೆ ಹೋದಳು, ಕಪಾಟು ತೆಗೆದಳು, ಬಗ್ಗಿ ಮಂಚದ ಕೆಳಗೆ ನೋಡಿದಳು, ಬಚ್ಚಲಿನಲ್ಲಿ ಬ್ರಷ್ಷಿನ ಮೇಲೆ ಹೆಬ್ಬೆರಳು ಆಡಿಸಿದಳು. ಬಾಗಿಲ ಸಂದಿನಿಂದ ಅದೆಲ್ಲ ರೆನಿಟಾಗೆ ಕಂಡಿತು. ಪಾಸಾದೆ, ಪಾಸಾದೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಆಕೆ ವಾಪಸು ಬಂದು ಮೇಜಿನ ಮುಂದೆ ಕೂತು, ಕಾಗದ ತೆಗೆದು, ಬರೆಯುವ ಮೊದಲು ಟಾಲಿಯಾಳ ತಲೆ ನೋಡಿದಳು. ಸುಮ್ಮನೆ ನೋಡಿದ್ದಲ್ಲ, ಕತ್ತು ವಾಲಿಸಿ, ಒಂದೊಂದು ಸಾಲಿನ ಗುಂಟ ಕಣ್ಣು ಹರಿಸಿ. "ಚೆನ್ನಾಗಿದೆ ಜಡೆ. ಯಾರು ಹಾಕಿದ್ದು?" "ನಾನೇ," ಎಂದಳು ವರ್ಲೀನ್. ಗ್ಯಾಸ್ಕಿನ್ಸ್ ಮೇಜಿನ ಮೇಲಿದ್ದ ವರ್ಲೀನಳ ಕೈ ನೋಡಿದಳು. ಡಬ್ಬಿಯ ಮುಚ್ಚಳ ತೆಗೆಯಲಾಗದ ಕೈ. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಎಲ್ಲ ನೆನಪಿಟ್ಟುಕೊಂಡು, ಸಾಕ್ಸಿನ ಕೊಳೆ ತನಕ ಯೋಚಿಸಿ, ಇದನ್ನು ಮಾತ್ರ ತನ್ನ ಕೈಯಾರೆ ಮೂರೂವರೆ ಗಂಟೆ ಕೂತು ಮಗುವಿನ ತಲೆಯ ಮೇಲೆ ಬರೆದು ಕಳಿಸಿದ್ದೇನೆ ಎಂದು ರೆನಿಟಾಗೆ ಆಗ ಹೊಳೆಯಿತು. ತೊರೆದು ಹೋದವಳ ಮಗುವಿನ ತಲೆ ಹೀಗಿರುವುದಿಲ್ಲ. ಒಬ್ಬ ಗಂಡಸು ಬಂದಿದ್ದರೆ, ಅಥವಾ ನಮ್ಮವರಲ್ಲದ ಯಾರಾದರೂ ಬಂದಿದ್ದರೆ, ಅವರಿಗೆ ಇದು ಕಾಣಿಸುತ್ತಲೇ ಇರಲಿಲ್ಲ. "ನಾನು ಹಾಕಿದ್ದು," ಎಂದಳು ಸಿಂಕಿನ ಕಡೆಯಿಂದಲೇ. ಧ್ವನಿ ತನ್ನದಲ್ಲ ಅನಿಸಿತು.

"ನೀವಾ? ಯಾವತ್ತು?"

"ಭಾನುವಾರ."

"ಏಜೆನ್ಸಿಯವರು ಭಾನುವಾರಾನೂ ಕಳಿಸ್ತಾರಾ?"

"ಇಲ್ಲ. ಸುಮ್ಮನೆ ಬಂದಿದ್ದೆ. ಅಮ್ಮೋರಿಗೆ ಕೈ ಆಗಲ್ಲ, ಮಗು ಪಾಪ..."

"ಎಷ್ಟು ಹೊತ್ತು ಹಿಡೀತು?"

"ಮೂರೂವರೆ ಗಂಟೆ."

"ರಜಾ ದಿನ, ಮೂರೂವರೆ ಗಂಟೆ, ಬೇರೆಯವರ ಮಗುಗೆ," ಎಂದಳು ಗ್ಯಾಸ್ಕಿನ್ಸ್. ವ್ಯಂಗ್ಯ ಇರಲಿಲ್ಲ, ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು. "ನನಗೆ ಮೂರು ಜನ ಹೆಣ್ಣುಮಕ್ಕಳು. ಹೊಟ್ಟೇಲಿ ಹುಟ್ಟಿದವು ಅಂತ ಹಾಕ್ತಿದ್ದೆ, ಆದ್ರೂ ಎರಡು ಗಂಟೆ ಮೇಲೆ ತಾಳ್ಮೆ ಇರ್ತಿರಲಿಲ್ಲ." ರೆನಿಟಾಳ ಮುಖ ಬಿಸಿಯಾಯಿತು. ಈಗಲೇ ಹೇಳಿಬಿಡಲೇ, ಈ ಹೆಂಗಸಿನ ಕಾಲ ಬಳಿ ಕೂತು, ಅಕ್ಕಾ ನಾನೇ ಅವಳಮ್ಮ, ಎಲ್ಲೂ ಹೋಗಿಲ್ಲ, ರಸ್ತೆ ದಾಟಿದೆ ಅಷ್ಟೆ ಅಂತ. ಹೇಳಿದರೆ ಸೋಮವಾರದಿಂದ ಟಾಲಿಯಾ ಮತ್ತೆ ಆಚೆ ಬದಿಯ ಆ ತರಗತಿಯಲ್ಲಿ, ಇದ್ದಾಳೆ ಅಂತಲೇ ಗೊತ್ತಾಗದ ಹಾಗೆ. ಹೇಳುವ ಸ್ವಾತಂತ್ರ್ಯ ಕೂಡ ತನಗಿಲ್ಲ ಎನಿಸಿ ಅವಳು ಲೋಟದೊಳಗೆ ಬೆರಳು ತೂರಿಸಿ ಉಜ್ಜಿದಳು. ಗ್ಯಾಸ್ಕಿನ್ಸ್ ಕುರ್ಚಿ ತಿರುಗಿಸಿ ಟಾಲಿಯಾಳ ಎದುರು ಕೂತಳು. "ನೋಡು ಪುಟ್ಟಿ, ನಾನು ಒಂದು ಸಲ ಮಾತ್ರ ಕೇಳ್ತೀನಿ, ನೀನು ಏನು ಹೇಳ್ತೀಯೋ ಅದನ್ನೇ ಬರ್ಕೊಂಡು ಹೋಗ್ತೀನಿ. ಅವಸರ ಇಲ್ಲ, ನಿಧಾನವಾಗಿ ಹೇಳು. ಅಲ್ಲಿ ಲೋಟ ತೊಳೀತಿದ್ದಾರಲ್ಲ, ಅವರು ಯಾರು?"

ರೆನಿಟಾ ನಲ್ಲಿ ನಿಲ್ಲಿಸಿದಳು. ಈಗ ಸಿಕ್ಕಿಕೊಳ್ಳುತ್ತದೆ, ಕಣ್ಣು ಮುಚ್ಚುತ್ತದೆ, ಆ ನಿಮಿಷದಲ್ಲಿ ಎಲ್ಲ ಬಯಲಾಗುತ್ತದೆ. ಅವಳಿಗೆ ಒಂದು ಕ್ಷಣ ಹಾಗೇ ಆಗಲಿ ಅನಿಸಿತು.

"ಮಿಸ್ ಪಾಲೆಟ್," ಎಂದಳು ಟಾಲಿಯಾ. "ಅಜ್ಜಿಯನ್ನ ನೋಡ್ಕೊಳ್ಳೋಕೆ ಬರ್ತಾರೆ. ಒಳ್ಳೆಯವರು."

"ನಿಮ್ಮ ಅಮ್ಮ?"

"ಅಮ್ಮ ಬಿಟ್ಟು ಹೋದಳು. ಎಲ್ಲಿದ್ದಾಳೋ ಗೊತ್ತಿಲ್ಲ. ನಾನು ಅಜ್ಜಿ ಜೊತೆ ಇರ್ತೀನಿ."

ಒಂದು ಅಕ್ಷರವೂ ತಡೆಯಲಿಲ್ಲ. ಕತ್ತಿನ ನರ ಬಿಗಿಯಲಿಲ್ಲ, ಕಣ್ಣು ತೆರೆದೇ ಇತ್ತು, ಮಾತು ರೇಡಿಯೋದಲ್ಲಿ ಬಂದ ಹಾಗೆ ಬಂತು. ರೆನಿಟಾ ಮಗಳ ಬಾಯಿಂದ ಇಷ್ಟು ಉದ್ದದ ಮಾತನ್ನು ಇಷ್ಟು ಚೊಕ್ಕವಾಗಿ ಜನ್ಮದಲ್ಲಿ ಕೇಳಿರಲಿಲ್ಲ. ಮೊದಲು ಬಂದದ್ದು ಸಂತೋಷ, ಸುಳ್ಳಲ್ಲ. ಮಿಸ್ ಪ್ರೂಯಿಟ್‌ಗೆ ಹೇಳಬೇಕು ಅಂದುಕೊಂಡಳು. ಆಮೇಲೆ ಆ ಮಾತಿನ ಅರ್ಥ ತಲುಪಿತು. ವರ್ಲೀನ್ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

ಗ್ಯಾಸ್ಕಿನ್ಸ್ ಬರೆದಳು. ಬರೆಯಲು ಬಹಳ ಹೊತ್ತು ತೆಗೆದುಕೊಂಡಳು. "ಶಾಲೆ ಕಡತದಲ್ಲಿ ಈ ಮಗುಗೆ ಉಗ್ಗು ಅಂತ ಇದೆ," ಎಂದಳು ತಲೆಯೆತ್ತದೆ. "ಆ ಟೀಚರ್ ಚೆನ್ನಾಗಿ ಕಲಿಸಿದ್ದಾರೆ ಅಂತ ಕಾಣುತ್ತೆ. ಅದನ್ನೂ ಬರೀತೀನಿ." ಕಾಗದ ಮಡಿಸಿ ಎದ್ದು ನಿಂತು, ಅವಳು ಮಾತಾಡಿದ್ದು ವರ್ಲೀನಳ ಜೊತೆಯಾದರೂ ನೋಡಿದ್ದು ಸಿಂಕಿನ ಕಡೆ. "ವಾಸ ಇದೆ ಅಂತ ಬರೆದಿದ್ದೀನಿ. ನಾನು ಬರೆದದ್ದು ಸುಳ್ಳಾಗಬಾರದು. ನನಗೂ ಕೆಲಸ ಇರಬೇಕಲ್ಲ. ಇನ್ನು ಮೇಲೆ ನಾನು ಹೇಳಿ ಬರಲ್ಲ. ಬೆಳಿಗ್ಗೆ ಆರು ಗಂಟೆಗೆ ಬರಬಹುದು, ಭಾನುವಾರ ಬರಬಹುದು. ಬಂದಾಗ ಈ ಮಗು ಈ ಹಾಸಿಗೇಲಿ ಮಲಗಿರಬೇಕು. ದಿನಾ. ಜೂನ್‌ನಲ್ಲಿ ಶಾಲೆ ಮುಗಿಯೋ ತನಕ, ಮತ್ತೆ ಮುಂದಿನ ವರ್ಷಾನೂ. ಮಿಸ್ ಪಾಲೆಟ್, ನೀವು ಹಗಲು ಹೊತ್ತು ಬರ್ತಾ ಇರಿ. ಹಗಲು ಬರೋರನ್ನ ನಾನು ಕೇಳಲ್ಲ." ಅದು ದಯೆ ಎಂದು ರೆನಿಟಾಗೆ ಗೊತ್ತಾಯಿತು. ಇದಕ್ಕಿಂತ ಹೆಚ್ಚು ದಯೆ ಆ ಕಾಗದದಲ್ಲಿ ಹಿಡಿಸುವುದಿಲ್ಲ ಎಂಬುದೂ ಗೊತ್ತಾಯಿತು. ಆದರೂ ಆ ಹೆಂಗಸಿನ ಬೆನ್ನಿಗೆ ಕೈಯಲ್ಲಿದ್ದ ಲೋಟ ಎಸೆಯುವಷ್ಟು ಸಿಟ್ಟು ಬಂತು. "ಆಗ್ಲಿ ಮೇಡಂ," ಎಂದಳು.

ಬಾಗಿಲು ಮುಚ್ಚಿಕೊಂಡಿತು. ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಹೋಗುವವರೆಗೆ ಮೂವರೂ ಅಲುಗಲಿಲ್ಲ. ಮೊದಲು ಬಾಯಿ ಬಿಟ್ಟವಳು ವರ್ಲೀನ್. "ಸೀಟು ಉಳೀತಲ್ಲ. ಅಷ್ಟೇ ತಾನೆ ಬೇಕಾಗಿದ್ದು ನಿಂಗೆ," ಎಂದು ಎದ್ದು, ಕೋಣೆಗೆ ಹೋಗಿ ಬಾಗಿಲು ಮರೆ ಮಾಡಿಕೊಂಡಳು. ಅವಳು ಅಳುವುದನ್ನು ರೆನಿಟಾ ಕೇಳಿದ್ದು ಅಪ್ಪ ಸತ್ತಾಗ ಒಮ್ಮೆ, ಈಗ ಒಮ್ಮೆ. ಈ ರಾತ್ರಿ ತಾನೊಬ್ಬಳೇ ರಸ್ತೆ ದಾಟಬೇಕು, ನಾಳೆಯೂ, ಎರಡು ಚಳಿಗಾಲ. ರಜೆಯ ದಿನ ಮಗು ಬಂದು ಮಲಗಬಹುದೇನೋ. ಇಲ್ಲ, ಭಾನುವಾರವೂ ಬರಬಹುದು ಅಂದಳಲ್ಲ. ಚೌಕದಲ್ಲಿ ಗುರುತು ಹಾಕಿದ್ದು ತನ್ನ ಕೈಯೇ, ಈಗ ಅದು ಸುಳ್ಳಲ್ಲ. ರೆನಿಟಾ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮಗಳ ಕುರ್ಚಿಯ ಮುಂದೆ ಮಂಡಿಯೂರಿ ಕೂತಳು.

"ಹೋದ್ರು ಕಂದ. ಆಯ್ತು, ಮುಗೀತು. ಈಗ ಒಂದ್ಸಲ ಅಮ್ಮ ಅನ್ನು."

ಟಾಲಿಯಾ ಬಾಯಿ ತೆರೆದಳು. "ಅ," ಎಂದಳು. "ಅ... ಅ..." ಕತ್ತಿನ ನರ ಎದ್ದಿತು, ಕಣ್ಣು ಮುಚ್ಚಿತು. ಈ ಸಲ ರೆನಿಟಾ ಕಾದಳು. ಎಷ್ಟು ಹೊತ್ತಾದರೂ ಕಾಯುತ್ತಿದ್ದಳು. "ಅ... ಅಮ್..." ಮಗು ನಿಲ್ಲಿಸಿತು, ಉಸಿರು ಎಳೆದುಕೊಂಡಿತು, ಕಣ್ಣು ತೆರೆಯಿತು. ಮುಖ ತಿಳಿಯಾಯಿತು.

"ಮಿಸ್ ಪಾಲೆಟ್ ಅಂದ್ರೆ ಸಿಕ್ಕಿಕೊಳ್ಳಲ್ಲ," ಎಂದಳು, ಕಳೆದುಹೋದದ್ದೇನೋ ಸಿಕ್ಕಿದವಳ ಹಾಗೆ. "ನೋಡಿ. ಮಿಸ್ ಪಾಲೆಟ್, ನಾಳೆ ಬರ್ತೀರಾ? ಮಿಸ್ ಪಾಲೆಟ್, ಇವತ್ತು ಸ್ಕೂಲಲ್ಲಿ ಒಂದು ಅಳಿಲು ಕಿಟಕಿಯಿಂದ ಒಳಗೆ ಬಂದುಬಿಡ್ತು, ಟೀಚರ್ ಕುರ್ಚಿ ಮೇಲೆ ಹತ್ತಿ ನಿಂತ್ರು, ನಾವೆಲ್ಲ ಕಿರುಚಿದ್ವಿ..."

ಮಾತು ಒಂದರ ಹಿಂದೆ ಒಂದು ಬರುತ್ತಿತ್ತು, ನಗು ಕೂಡ. ಇದನ್ನು ಕೇಳಲಿಕ್ಕೆಂದೇ ರೆನಿಟಾ ಇಷ್ಟೆಲ್ಲ ಮಾಡಿದ್ದು. ತಡೆದರೆ ನಿಂತುಹೋಗುತ್ತದೆ. ಅವಳು ಕುರ್ಚಿ ಎಳೆದುಕೊಂಡು, ಬೇರೆಯವರ ಮನೆಯಲ್ಲಿ ಕೂರುವ ಹಾಗೆ ಅಂಚಿನಲ್ಲಿ ಕೂತಳು.

"ಬರ್ತೀನಿ," ಎಂದಳು. "ನಾಳೆ ಮೂರೂವರೆಗೆ ಬರ್ತೀನಿ. ಹೇಳು, ಆಮೇಲೆ ಏನಾಯ್ತು?"